ಫೋನ್ ಹೊರಗಿಟ್ಟು ಒಳಗೆ ಹೋಗೋ ಊರು

ಬೆಂಗಳೂರಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಕಾರವಾರ. ಸಕಲೇಶಪುರ ದಾಟಿ ಘಾಟಿ ಇಳಿಯೋವಾಗ ನೆಟ್‌ವರ್ಕ್ ಹೋಗುತ್ತೆ, ಆಫೀಸಿನ ಮೆಸೇಜುಗಳೂ ನಿಲ್ಲುತ್ತವೆ. ಶಿರವಾಡದ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾ ಹಿಡಿದು ಪೇಟೆಗೆ ಬಂದು, ಟ್ಯಾಗೋರ್ ಬೀಚಿನ ಪಕ್ಕದ ಮೇಲ್ಸೇತುವೆ ಹತ್ತಿದ್ರೆ ಬಲಗಡೆ ಪೂರ್ತಿ ಸಮುದ್ರ. ಆಮೇಲೆ ಗುಡ್ಡ ಕೊರೆದು ಮಾಡಿದ ಸುರಂಗ. ಸುರಂಗದೊಳಗೆ ಫೋನಿನ ಕಡ್ಡಿಗಳು ಒಂದೊಂದಾಗಿ ಮಾಯವಾಗಿ, ಆಚೆ ಬೆಳಕಿಗೆ ಬರ್ತಿದ್ದ ಹಾಗೆ ಮತ್ತೆ ಬರ್ತವೆ. ಕಡ್ಡಿ ಬಂತು ಅಂದ್ರೆ ಬಿಣಗಾ ಬಂತು.

ಬಿಣಗಾ ನೋಡದವರಿಗೆ ಎರಡು ಮಾತಲ್ಲಿ ಹೇಳೋದಾದ್ರೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯ ಪಕ್ಕ ಕಾಸ್ಟಿಕ್ ಸೋಡಾ ಕಾರ್ಖಾನೆ. ತೆಂಗಿನ ಮರಗಳ ಸಂದಿಯಲ್ಲಿ ಮನೆಗಳು, ದೋಣಿಗಳು, ಒಣಗೋಕೆ ಹಾಕಿದ ಬಲೆ. ದಕ್ಷಿಣಕ್ಕೆ ಅಂಕೋಲಾ ಕಡೆ ಹೊರಟರೆ ಮುಂದಿನ ಊರು ಅರಗಾ. ಅಲ್ಲಿಂದ ಹೆದ್ದಾರಿಯ ಪಕ್ಕ ಕಾಂಪೌಂಡ್ ಗೋಡೆ, ಗೇಟು, ಬಂದೂಕು ಹಿಡಿದ ಜವಾನರು, ‘ಫೋಟೋ ತೆಗೆಯುವುದನ್ನು ನಿಷೇಧಿಸಲಾಗಿದೆ’ ಅನ್ನೋ ಬೋರ್ಡುಗಳು. ಅದು ಐಎನ್‌ಎಸ್ ಕದಂಬ, ನಮ್ಮ ಬಾಯಲ್ಲಿ ಬರೀ ‘ಸೀಬರ್ಡ್’.

ಇಲ್ಲೊಂದು ತಮಾಷೆ ಇದೆ. ಟ್ಯಾಗೋರ್ ಬೀಚಿನಲ್ಲಿ ನಿವೃತ್ತ ಯುದ್ಧನೌಕೆ ಚಪಲ್ ಅನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಟಿಕೆಟ್ ತಗೊಂಡು ಹತ್ತಿ, ಕ್ಷಿಪಣಿ ಪಕ್ಕ ನಿಂತು ಎಷ್ಟು ಬೇಕಾದ್ರೂ ಸೆಲ್ಫಿ ತೆಗೀಬಹುದು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕೆಲಸದಲ್ಲಿರೋ ನೌಕೆಗಳ ಕಡೆ ಫೋನ್ ಎತ್ತಿದ್ರೆ ಪೊಲೀಸರು ಬರ್ತಾರೆ. ಚಿಕ್ಕಂದಿನಿಂದ ಇದನ್ನ ನೋಡಿ ಬೆಳೆದವನು ನಾನು. ಅರ್ಥ ಆಗಿದ್ದು ಮಾತ್ರ ಕಳೆದ ದೀಪಾವಳಿಗೆ.

ಒಂದು ಸೂರ್ಯಾಸ್ತದ ರೀಲ್

ಹಬ್ಬಕ್ಕೆ ನಾಲ್ಕು ದಿನ ರಜೆ, ಎರಡು ದಿನ ವರ್ಕ್ ಫ್ರಮ್ ಹೋಮ್. ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮನೆ ಹಿಂದಿನ ಗುಡ್ಡ ಹತ್ತಿದೆ. ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗಿತ್ತು, ಸೂರ್ಯ ಕೆಂಪಗೆ ಇಳೀತಿದ್ದ. ಹದಿನೈದು ಸೆಕೆಂಡಿನ ವಿಡಿಯೋ ತೆಗೆದು, ಹಾಡು ಸೇರಿಸಿ, ಲೊಕೇಶನ್ ಟ್ಯಾಗ್ ಹಾಕಿ ಇನ್‌ಸ್ಟಾಗ್ರಾಂಗೆ ಬಿಟ್ಟೆ. ಆ ಗುಡ್ಡದಿಂದ ಏನೇನು ಕಾಣುತ್ತೆ ಅಂತ ಇಲ್ಲಿ ಬರೆಯೋದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ರಾತ್ರಿ ಊಟದ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನ ನೋಡಿದ್ರು. ನನ್ನಂಥವನಿಗೆ ಅದು ದೊಡ್ಡ ಸಂಖ್ಯೆ. ಮೆಸೇಜುಗಳ ನಡುವೆ ಒಂದು ಪ್ರವಾಸದ ಪೇಜಿಂದ ಬಂದಿದ್ದೂ ಇತ್ತು. ‘ತುಂಬಾ ಚೆನ್ನಾಗಿದೆ, ನಮ್ಮ ಪೇಜಿಗೆ ಬಳಸಬಹುದಾ?’ ಅಂತ ಕೇಳಿದ್ರು. ಖುಷಿಯಾಗಿ ‘ಆಗಲಿ’ ಅಂದೆ. ಮುಂದಿನ ಪ್ರಶ್ನೆ, ‘ಇದು ಯಾವ ಕಡೆಯಿಂದ ತೆಗೆದಿದ್ದು?’ ಅದನ್ನೂ ಹೇಳಿದೆ. ಆಮೇಲೆ, ‘ಬೆಳಗಿನ ಜಾವದ ಶಾಟ್ ಸಿಗುತ್ತಾ? ದೊಡ್ಡ ಹಡಗುಗಳು ಫ್ರೇಮಲ್ಲಿ ಬಂದ್ರೆ ಚೆನ್ನ. ಹತ್ತು ಕ್ಲಿಪ್ಪಿಗೆ ದುಡ್ಡು ಕೊಡ್ತೀವಿ, ಒರಿಜಿನಲ್ ಫೈಲನ್ನೇ ಕಳಿಸಿ.’

ಸುಳ್ಳು ಹೇಳೋದಿಲ್ಲ, ಆ ಕ್ಷಣಕ್ಕೆ ನನಗೆ ಅನುಮಾನ ಬರಲಿಲ್ಲ. ಸೈಡ್ ಇನ್‌ಕಮ್ ಅನ್ನೋ ಪದ ತಲೇಲಿ ಬಂತು.

ಪಕ್ಕದಲ್ಲಿ ಕೂತು ಬಾಂಗಡೆ ಹುಮಣಕ್ಕೆ ಅನ್ನ ಕಲಸ್ತಿದ್ದ ಮಾಮಾನ ಮಗ ನನ್ನ ಫೋನಿಗೆ ಇಣುಕಿದ. ಕೈ ಅಲ್ಲೇ ನಿಂತು ಹೋಯ್ತು.

“ದಾದಾ, ಅದನ್ನ ಈಗಲೇ ತೆಗಿ.”

ನಮ್ಮನೇಲಿ ಆಡೋದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೀತಿದೀನಿ. ಆದ್ರೆ ಅವನ ದನಿಯಲ್ಲಿದ್ದ ಹೆದರಿಕೆಗೆ ಭಾಷೆ ಬೇಕಿರಲಿಲ್ಲ.

ಅಜ್ಜನ ಗದ್ದೆ, ಮೊಮ್ಮಗನ ಪಾಸು

ಅವನಿಗೆ ಇಪ್ಪತ್ಮೂರು. ಐಟಿಐ ಮುಗಿಸಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಸೀಬರ್ಡ್ ಒಳಗೆ ಕೆಲಸ ಮಾಡ್ತಾನೆ. ಬೆಳಗ್ಗೆ ಪಾಸ್ ತೋರಿಸಿ ಒಳಗೆ ಹೋಗ್ಬೇಕು, ಸ್ಮಾರ್ಟ್‌ಫೋನ್ ಒಯ್ಯೋ ಹಾಗಿಲ್ಲ. ಸಂಜೆ ಮನೆಗೆ ಬಂದ ಮೇಲೇ ಅವನ ದಿನದ ಮೆಸೇಜುಗಳು. ಪಾಸ್ ರದ್ದಾದ್ರೆ ಕೆಲಸ ಹೋಯ್ತು. ಅವನ ಸಂಬಂಧಿಕನೊಬ್ಬ ನೌಕಾನೆಲೆಯ ಹತ್ತಿರದ ವಿಡಿಯೋ ಹಾಕ್ತಾನೆ ಅಂತಾದ್ರೆ ಪ್ರಶ್ನೆ ಮೊದಲು ಬರೋದು ಅವನಿಗೇ.

ಇನ್ನೊಂದು ವಿಷಯ ಹೇಳ್ಬೇಕು. ಈಗ ಅವನು ಪಾಸ್ ತೋರಿಸಿ ಹೋಗೋ ಜಾಗದ ಒಳಗೇ ಒಂದು ಕಾಲದಲ್ಲಿ ಅಜ್ಜನ ಗದ್ದೆ, ಮನೆ ಇದ್ದವು. ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರಿನಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ರು. ಕಾರವಾರ ಮತ್ತು ಅಂಕೋಲಾದ ಕಡಲಂಚಿನಲ್ಲಿ 11,000 ಎಕರೆಗೂ ಹೆಚ್ಚು ಜಾಗ ಹೋಯ್ತು, 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದು ಬಂದ್ವು. ನೆಲೆ ಅಧಿಕೃತವಾಗಿ ಕಾರ್ಯಾರಂಭ ಮಾಡಿದ್ದು 2005ರ ಮೇ 31ಕ್ಕೆ. ಗದ್ದೆ ಮಾಡಿದವರು ಗದ್ದೆ ಬಿಟ್ರು, ಕಡಲಿಗೆ ಇಳಿದವರು ತಮ್ಮ ದಂಡೆ ಬಿಟ್ರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವರು ನಮ್ಮ ಕಡೆ ಮನೆಗೊಬ್ಬರು ಸಿಗ್ತಾರೆ.

ಅಜ್ಜನ ಆ ಮನೆಯದ್ದು ಒಂದೇ ಒಂದು ಫೋಟೋ ಇಲ್ಲ. ಕ್ಯಾಮೆರಾ ಇದ್ದವರು ಯಾರಿದ್ರು ಆಗ? ಕೆಲವು ವರ್ಷದ ಹಿಂದೆ ನಾನು ಫೋನಲ್ಲಿ ಉಪಗ್ರಹ ನಕ್ಷೆ ತೆಗೆದು ಮಾಮಾಗೆ ತೋರಿಸಿದ್ದೆ. ಅವರು ಬೆರಳಲ್ಲಿ ಹಿಗ್ಗಿಸಿ, ಕುಗ್ಗಿಸಿ, ಗುಡ್ಡದ ಆಕಾರ ನೋಡಿ, ಒಂದು ಕಡೆ ಬೆರಳಿಟ್ಟು “ಇಲ್ಲೇ ಬಾವಿ ಇತ್ತು” ಅಂದ್ರು. ಅಲ್ಲಿ ಈಗ ಏನೂ ಗುರುತಿಲ್ಲ. ಆದ್ರೂ ಅರ್ಧ ಗಂಟೆ ಫೋನ್ ವಾಪಸ್ ಕೊಡಲಿಲ್ಲ.

ನಕ್ಷೆಯಲ್ಲೇ ಕಾಣುತ್ತಲ್ಲ?

ಆ ರಾತ್ರಿ ನಾನು ತಮ್ಮನ ಹತ್ರ ವಾದ ಮಾಡಿದ್ದೂ ಇದನ್ನೇ ಹಿಡಿದು. ಉಪಗ್ರಹ ನಕ್ಷೆಯಲ್ಲಿ ಲೋಕಕ್ಕೆಲ್ಲ ಕಾಣೋ ಜಾಗ. ನೌಕಾಪಡೆಯೇ ತನ್ನ ಫೋಟೋ ಹಾಕುತ್ತೆ. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವರು ಕಾರವಾರಕ್ಕೆ ಬಂದಾಗ ಟಿವಿಯಲ್ಲಿ ಹಡಗುಗಳನ್ನ ತೋರಿಸಲಿಲ್ವಾ? ನನ್ನ ಹದಿನೈದು ಸೆಕೆಂಡಿನ ಸೂರ್ಯಾಸ್ತದಿಂದ ಯಾವ ಗುಟ್ಟು ಬಯಲಾಗುತ್ತೆ?

ಇಂಜಿನಿಯರ್ ಆದವನು ತನ್ನ ವಾದವನ್ನ ತಾನೇ ಪರೀಕ್ಷೆ ಮಾಡ್ಬೇಕು. ಮಲಗೋ ಮುಂಚೆ ಆ ವಿಡಿಯೋದ ಒರಿಜಿನಲ್ ಫೈಲ್ ತೆಗೆದು, ಅದರ ಮಾಹಿತಿ ನೋಡಿದೆ. ತೆಗೆದ ದಿನಾಂಕ, ಸಮಯ, ಫೋನಿನ ಮಾಡೆಲ್, ಜೊತೆಗೆ ಅಕ್ಷಾಂಶ ರೇಖಾಂಶ. ಗುಡ್ಡದ ಮೇಲೆ ನಾನು ಯಾವ ಬಂಡೆ ಪಕ್ಕ ನಿಂತಿದ್ದೆ ಅನ್ನೋವರೆಗೆ ಹೇಳಬಹುದಾದಷ್ಟು ನಿಖರ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದ್ರೆ ಈ ಮಾಹಿತಿ ಹೆಚ್ಚಾಗಿ ಉದುರಿ ಹೋಗುತ್ತೆ. ಅದೇ ಫೋಟೋವನ್ನ ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಎಲ್ಲ ಹಾಗೇ ಹೋಗುತ್ತೆ. ‘ಒರಿಜಿನಲ್ ಫೈಲನ್ನೇ ಕಳಿಸಿ’ ಅಂತ ಆ ಪೇಜಿನವರು ಕೇಳಿದ್ದು ನೆನಪಾಯ್ತು. ಒಳ್ಳೆ ಗುಣಮಟ್ಟಕ್ಕೆ ಅಂತಲೂ ಕೇಳಿರಬಹುದು. ಆದ್ರೂ ಹೊಟ್ಟೆಯಲ್ಲಿ ಏನೋ ತಣ್ಣಗಾಯ್ತು.

ನಕ್ಷೆ ಹೇಳೋದು ಕಟ್ಟಡ ಎಲ್ಲಿದೆ ಅಂತ. ಅದು ಹಳೇ ಚಿತ್ರ. ಫೋಟೋ ಹೇಳೋದು ಇವತ್ತು, ಈ ಗಂಟೆಗೆ ಏನಿತ್ತು, ಏನಿರಲಿಲ್ಲ ಅಂತ. ಹೊಸ ಫೋಟೋ ದಿನಾ ಒಂದು ಸಿಕ್ಕರೆ ಅದು ಡೈರಿ ಆಗುತ್ತೆ. ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಒಂದು ಲಾಗ್ ಲೈನ್‌ನಿಂದ ಏನೂ ಗೊತ್ತಾಗಲ್ಲ, ಸಾವಿರ ಲೈನ್ ಸೇರಿದ್ರೆ ಇಡೀ ಸಿಸ್ಟಮ್ಮಿನ ನಡವಳಿಕೆ ಗೊತ್ತಾಗುತ್ತೆ. ಇನ್ನು ಅಧಿಕೃತ ಫೋಟೋಗಳ ಮಾತು. ಅಲ್ಲಿ ಏನು ತೋರಿಸ್ಬೇಕು, ಯಾವಾಗ ತೋರಿಸ್ಬೇಕು ಅಂತ ಒಬ್ಬರು ಕೂತು ನಿರ್ಧರಿಸಿರ್ತಾರೆ. ನನ್ನ ರೀಲನ್ನ ಯಾರೂ ಕೂತು ನೋಡಿರಲಿಲ್ಲ, ನಾನೂ ಕೂಡ.

ಇದು ಬರೀ ನಮ್ಮೂರಿನ ಕಥೆಯಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ, ಓಟ ಮತ್ತು ಸೈಕ್ಲಿಂಗ್ ದಾಖಲಿಸೋ ಸ್ಟ್ರಾವಾ ಆ್ಯಪಿನ ಜಾಗತಿಕ ನಕ್ಷೆ ನೋಡ್ತಾ ಕೂತಿದ್ದ. ಜನವಸತಿ ಇಲ್ಲದ ಮರುಭೂಮಿಯಲ್ಲಿ ಓಡಿದ ದಾರಿಗಳು ಬೆಳಗ್ತಿದ್ದವು. ಅವು ಸೇನಾ ನೆಲೆಗಳು. ಸೈನಿಕರು ಬೆಳಗ್ಗೆ ಜಾಗಿಂಗ್ ಮಾಡಿದ್ದು ಅಷ್ಟೇ. ಯಾರೂ ಗುಟ್ಟು ಹೇಳಿರಲಿಲ್ಲ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಫೋನಿಗೆ ಹೇಳಿದ್ರು.

ಮರುದಿನ ಬೆಳಗ್ಗೆ ಎದ್ದ ಕೂಡ್ಲೇ ರೀಲ್ ತೆಗೆದೆ. ಕಥೆ ಮುಗೀತು ಅಂದುಕೊಂಡೆ.

“ನನಗೂ ಒಬ್ಬಳು ಇದ್ಲು”

ಅವತ್ತು ಸಂಜೆ ದಂಡೆಗೆ ಹೋದ್ವಿ. ಬಿಣಗಾದ ದಂಡೆಯಲ್ಲಿ ಸಂಜೆ ಹೊತ್ತು ಗದ್ದಲ ಕಡಿಮೆ. ಮೂರ್ನಾಲ್ಕು ಹುಡುಗರು ಕ್ರಿಕೆಟ್ ಆಡ್ತಿದ್ರು. ದೋಣಿ ನೆರಳಲ್ಲಿ ಕೂತು ಒಬ್ಬರು ಬಲೆ ಹೊಲೀತಿದ್ರು. ತಮ್ಮ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ.

“ದಾದಾ, ನನಗೂ ಒಬ್ಬಳು ಇದ್ಲು. ಫೇಸ್‌ಬುಕ್ಕಲ್ಲಿ.”

ನಾಲ್ಕು ತಿಂಗಳ ಪರಿಚಯವಂತೆ. ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದು ಅವಳೇ. ಮಂಗಳೂರಲ್ಲಿ ನರ್ಸಿಂಗ್ ಓದ್ತಿದೀನಿ ಅಂದಿದ್ಲಂತೆ. ದಿನಾ ಸಂಜೆ ‘ಊಟ ಆಯ್ತಾ, ಇವತ್ತು ಕೆಲಸ ಜಾಸ್ತಿನಾ’ ಅಂತ ಕೇಳೋದು. ಒಂದು ದಿನ ಯೂನಿಫಾರ್ಮಲ್ಲಿ ಹೇಗೆ ಕಾಣ್ತೀಯಾ ಅಂತ ಕೇಳಿದ್ಲು. ಇವನು ಹೆಲ್ಮೆಟ್ ಹಾಕಿ, ಕೊರಳಲ್ಲಿ ಪಾಸ್ ನೇತಾಡ್ತಿದ್ದ ಒಂದು ಫೋಟೋ ಕಳಿಸಿದ. ಮನೆ ಮುಂದೆ ತೆಗೆದಿದ್ದು, ಒಳಗಿನದ್ದಲ್ಲ. ಆದ್ರೆ ಪಾಸಿನ ಮೇಲಿನ ಅಕ್ಷರ ಓದೋ ಹಾಗಿತ್ತು. ಆಮೇಲೆ ‘ನಿಮ್ಮ ಜೊತೆ ಎಷ್ಟು ಜನ ಕೆಲಸ ಮಾಡ್ತಾರೆ, ಹೊಸ ಹಡಗು ಬಂದಿದೆಯಂತೆ ಹೌದಾ’ ಅಂತ ಪ್ರಶ್ನೆಗಳು ಶುರುವಾದ್ವು. ವಿಡಿಯೋ ಕಾಲ್ ಮಾಡು ಅಂದ್ರೆ ಕ್ಯಾಮೆರಾ ಹಾಳಾಗಿದೆ ಅಂತಿದ್ಲು. ಇವನಿಗೆ ದಿಗಿಲಾಗಿ ಉತ್ತರ ಕೊಡೋದು ನಿಲ್ಲಿಸಿದ. ಯಾರಿಗೂ ಹೇಳಲಿಲ್ಲ.

“ಯಾಕೋ ಹೇಳಲಿಲ್ಲ?”

“ಯಾರಿಗೆ ಹೇಳ್ಲಿ? ಆಯಿಗೆ ಹೇಳಿದ್ರೆ ಹುಡುಗಿ ಅಂತ ರಂಪ. ಕಂಟ್ರಾಕ್ಟರಿಗೆ ಹೇಳಿದ್ರೆ ಪಾಸು. ಪೊಲೀಸರಿಗೆ ಹೇಳಿದ್ರೆ ಊರೆಲ್ಲ.”

ಅವನ ಹೆದರಿಕೆ ಸುಳ್ಳಲ್ಲ. ನಮ್ಮ ಭಾಗದವರಿಗೆ ಇದು ಪೇಪರಲ್ಲಿ ಓದಿ ಮರೆಯೋ ಸುದ್ದಿ ಅಲ್ಲ. 2019ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶದ ಪೊಲೀಸರು ಏಳು ಮಂದಿ ನೌಕಾಪಡೆ ಸಿಬ್ಬಂದಿಯನ್ನ ಬೇಹುಗಾರಿಕೆ ಆರೋಪದಲ್ಲಿ ಬಂಧಿಸಿದ್ರು. ಸಾಮಾಜಿಕ ಜಾಲತಾಣದಲ್ಲಿ ಹೆಣ್ಣಿನ ಹೆಸರಲ್ಲಿ ಪರಿಚಯ ಮಾಡ್ಕೊಂಡು ಬಲೆಗೆ ಬೀಳಿಸಿದ್ರು ಅನ್ನೋದು ಆ ಪ್ರಕರಣದ ತಿರುಳು. ವಿಶಾಖಪಟ್ಟಣ, ಮುಂಬೈ ಜೊತೆ ಕಾರವಾರದ ಹೆಸರೂ ಅದರಲ್ಲಿತ್ತು. ಅದೇ ತಿಂಗಳು ನೌಕಾಪಡೆ ತನ್ನ ನೆಲೆ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಎರಡನ್ನೂ ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ನಮ್ಮ ಉತ್ತರ ಕನ್ನಡದ ಇಬ್ಬರನ್ನ ಬಂಧಿಸಿತು. ಕಾರವಾರದ ನೆಲೆಯ ಮಾಹಿತಿಯನ್ನ ಜಾಲತಾಣದ ಮೂಲಕ ಪಾಕಿಸ್ತಾನದ ಕಡೆಯವರಿಗೆ ಕೊಟ್ಟು ಹಣ ಪಡೆದ್ರು ಅನ್ನೋದು ಆರೋಪ. ಆರೋಪ ನಿಜವೋ ಸುಳ್ಳೋ ಅನ್ನೋದು ಕೋರ್ಟಿನ ಮಾತು. ಆದ್ರೆ ಅವತ್ತಿಂದ ನಮ್ಮ ಕಡೆ ಯಾರ ಮನೆ ಹುಡುಗ ಒಳಗೆ ಕೆಲಸಕ್ಕೆ ಹೋಗ್ತಾನೋ ಆ ಮನೆಯ ತಾಯಿ ಫೋನಿನ ಸದ್ದಿಗೆ ಬೆಚ್ಚಿ ಬೀಳೋ ಹಾಗಾಗಿದೆ.

ಅನುಮಾನ ಅತಿಯಾದ್ರೆ ಏನಾಗುತ್ತೆ ಅನ್ನೋದನ್ನೂ ನಾವು ನೋಡಿದೀವಿ. 2024ರ ನವೆಂಬರಿನಲ್ಲಿ ಕಾರವಾರದಲ್ಲಿ ಬೆನ್ನಿಗೆ ಸಾಧನ ಕಟ್ಟಿಕೊಂಡ ಒಂದು ರಣಹದ್ದು ಕಾಣಿಸ್ತು. ಗೂಢಚಾರ ಹಕ್ಕಿ ಅಂತ ವಾಟ್ಸಾಪ್ ತುಂಬಾ ಗುಲ್ಲು. ಕೊನೆಗೆ ನೋಡಿದ್ರೆ ಅದು ಮಹಾರಾಷ್ಟ್ರದ ತಾಡೋಬಾ ಕಡೆಯಿಂದ ಸಂಶೋಧನೆಗಾಗಿ ಟ್ರ್ಯಾಕರ್ ಹಾಕಿ ಬಿಟ್ಟ ಹದ್ದು. ಹಕ್ಕಿಗಾದ್ರೆ ಅರಣ್ಯ ಇಲಾಖೆ ಬಂದು ಸಮಜಾಯಿಷಿ ಕೊಡುತ್ತೆ. ಗುತ್ತಿಗೆ ಹುಡುಗನ ಬಗ್ಗೆ ಅಂಥ ಗುಲ್ಲೆದ್ದರೆ ಯಾರು ಬರ್ತಾರೆ? ತಮ್ಮ ಬಾಯಿ ಮುಚ್ಚಿಕೊಂಡಿದ್ದು ಇದೇ ಕಾರಣಕ್ಕೆ.

ಹಸಿದ ಮೀನು

ಮಾಮಾಗೆ ಹೇಳದೆ ಇರೋ ಹಾಗಿರಲಿಲ್ಲ. ರಾತ್ರಿ ಅಂಗಳದಲ್ಲಿ ಕೂರಿಸಿ ಹೇಳಿದ್ವಿ. ಬೈತಾರೆ ಅಂದುಕೊಂಡಿದ್ದೆ. ಅವರು ಬೀಡಿ ಹಚ್ಚಿ ಸ್ವಲ್ಪ ಹೊತ್ತು ಕೂತ್ರು.

“ಗಾಳಕ್ಕೆ ಸಿಗೋದು ದಡ್ಡ ಮೀನಲ್ಲ. ಹಸಿದ ಮೀನು” ಅಂದ್ರು.

ಆ ಮಾತು ನನಗೆ ನಾಟಿದ್ದು ನನ್ನ ಕೆಲಸದ ಕಾರಣಕ್ಕೂ. ‘ಫಿಶಿಂಗ್’ ಅಂದ್ರೆ ನಮ್ಮೂರಲ್ಲಿ ಹೊಟ್ಟೆಪಾಡು, ನಮ್ಮ ಆಫೀಸಲ್ಲಿ ಮೋಸದ ಮೇಲ್. ಆರು ತಿಂಗಳಿಗೊಮ್ಮೆ ಸೆಕ್ಯುರಿಟಿ ತಂಡದವರು ಸುಳ್ಳು ಮೇಲ್ ಕಳಿಸಿ, ಯಾರು ಕ್ಲಿಕ್ ಮಾಡ್ತಾರೆ ಅಂತ ನೋಡ್ತಾರೆ. ‘ನಿಮ್ಮ ಬೋನಸ್ ವಿವರ ಇಲ್ಲಿದೆ’ ಅನ್ನೋ ಮೇಲಿಗೆ ನಾನೂ ಒಮ್ಮೆ ಕ್ಲಿಕ್ ಮಾಡಿ, ಕಡ್ಡಾಯ ತರಬೇತಿಗೆ ಕೂತಿದೀನಿ. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಆಗಿರಲಿಲ್ಲ. ಹಸಿದಿದ್ದೆ, ಕಚ್ಚಿದೆ.

ನಮಗಿಂತ ದೊಡ್ಡವರೂ ಕಚ್ಚಿದಾರೆ. 2022ರ ಮಾರ್ಚಿನಲ್ಲಿ ಆ್ಯಕ್ಸಿ ಇನ್ಫಿನಿಟಿ ಅನ್ನೋ ಆಟಕ್ಕೆ ಸೇರಿದ ರೋನಿನ್ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ಕಳುವಾಯ್ತು. ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸ ಅಂತ ಅಮೆರಿಕದ ಎಫ್‌ಬಿಐ ಹೇಳಿತು. ಬಾಗಿಲು ತೆರೆದದ್ದು ಒಬ್ಬ ಹಿರಿಯ ಇಂಜಿನಿಯರಿಗೆ ಲಿಂಕ್ಡ್‌ಇನ್ ಮೂಲಕ ಬಂದ ನಕಲಿ ಉದ್ಯೋಗದ ಆಫರ್ ಅಂತ ಆಮೇಲೆ ವರದಿಯಾಯ್ತು. ಇಂಟರ್‌ವ್ಯೂ ಸುತ್ತುಗಳು ನಡೆದು, ಒಳ್ಳೆ ಸಂಬಳದ ಪತ್ರ ಪಿಡಿಎಫ್ ಆಗಿ ಬಂದಿತ್ತಂತೆ. ಅದನ್ನ ತೆರೆದದ್ದೇ ತಪ್ಪು. ಕೋಡ್ ಬರೆಯೋ ತಲೆಗೆ ಗೊತ್ತಿಲ್ಲದ್ದೇನಿತ್ತು? ಯಾರೋ ತನ್ನ ಬೆಲೆ ಗುರುತಿಸಿದ್ರು ಅನ್ನೋ ಖುಷಿ ಮುಂದೆ ಗೊತ್ತಿದ್ದದ್ದೆಲ್ಲ ಮರೆತು ಹೋಗುತ್ತೆ.

ನನ್ನ ತಮ್ಮನ ವಿಷಯವೂ ಅಷ್ಟೇ. ಬಿಸಿಲಲ್ಲಿ ಹತ್ತು ಗಂಟೆ ಕಬ್ಬಿಣದ ಜೊತೆ ಕೆಲಸ. ಒಳಗೆ ಮಾಡಿದ್ದನ್ನ ಮನೇಲಿ ಹೇಳೋ ಹಾಗಿಲ್ಲ. ಊರಲ್ಲಿ ಅವನ ವಯಸ್ಸಿನವರು ಗೋವಾಕ್ಕೋ ಬೆಂಗಳೂರಿಗೋ ಹೋಗಿದಾರೆ. ನನ್ನಂಥ ದಾದಾ ಹಬ್ಬಕ್ಕೆ ಬಂದು, ಲ್ಯಾಪ್‌ಟಾಪ್ ಹಿಡಿದು ಕೂತು, ರೀಲ್ ಮಾಡಿ ಹೋಗ್ತಾನೆ. ನಾಲ್ಕು ತಿಂಗಳಲ್ಲಿ ‘ಇವತ್ತು ಕೆಲಸ ಹೇಗಿತ್ತೋ?’ ಅಂತ ನಾನು ಒಂದು ಸಲವಾದ್ರೂ ಅವನಿಗೆ ಮೆಸೇಜ್ ಮಾಡಿದ್ನಾ? ನೋಡಿದೆ. ನಮ್ಮಿಬ್ಬರ ಚಾಟಿನಲ್ಲಿ ಇದ್ದದ್ದು ಎರಡು ಹುಟ್ಟುಹಬ್ಬದ ಶುಭಾಶಯ, ಒಂದು ಮೀಮ್.

ಆ ಪಾಸಿನ ಫೋಟೋಗೆ ಅವನನ್ನ ಬೈಯೋಕೂ ನನಗೆ ಬಾಯಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಐಡಿ ಕಾರ್ಡ್ ಕೊರಳಿಗೆ ಹಾಕಿ, ಆಫೀಸಿನ ಬೋರ್ಡಿನ ಮುಂದೆ ನಿಂತು ಲಿಂಕ್ಡ್‌ಇನ್ನಿಗೆ ಫೋಟೋ ಹಾಕಿದವನು ನಾನು. ಈಗಲೂ ಹುಡುಕಿದ್ರೆ ಅದರಲ್ಲಿ ನನ್ನ ಉದ್ಯೋಗಿ ಸಂಖ್ಯೆ ಓದಬಹುದು. ಓದ್ತಾ ಇರೋ ನೀವೂ ಹಾಕಿರ್ತೀರಿ. ನಾವು ಜಗತ್ತಿಗೆ ತೋರಿಸೋದು ನಮಗೆ ಹೆಮ್ಮೆ ಇರೋದನ್ನೇ. ಗಾಳ ಹಾಕೋರಿಗೂ ಅದೇ ಬೇಕು.

ಫೋನನ್ನ ಬಿಟ್ಟು ಬದುಕೋಕಾಗುತ್ತಾ?

ಹಾಗಂತ ‘ಮೊಬೈಲ್ ಬಂದು ಹುಡುಗರು ಹಾಳಾದ್ರು’ ಅನ್ನೋ ಸಾಲು ಬರೆದು ಮುಗಿಸೋಕೆ ನನಗೆ ಇಷ್ಟ ಇಲ್ಲ. ಬಿಣಗಾದಲ್ಲಿ ಹಾಗೆ ಹೇಳಿದ್ರೆ ನಗ್ತಾರೆ. ಮನೆ ಬಾಗಿಲಿಗೆ ಬುಟ್ಟಿ ಹೊತ್ತು ಬರೋ ಮೀನಿನ ಬಾಯಿ ಕ್ಯೂಆರ್ ಕೋಡ್ ತೋರಿಸ್ತಾರೆ. ಯಾವ ಮನೆಗೆ ತಾರ್ಲೆ ಬೇಕು, ಯಾರಿಗೆ ಇಸವಾಣ ಬೇಕು ಅನ್ನೋದು ಅವರು ಹೊರಡೋ ಮುಂಚೆಯೇ ವಾಟ್ಸಾಪಲ್ಲಿ ತೀರ್ಮಾನ ಆಗಿರುತ್ತೆ. ದೋಣಿಗಳಲ್ಲಿ ಜಿಪಿಎಸ್ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯವರು ಸಮುದ್ರದ ಮೇಲ್ಮೈ ಉಷ್ಣತೆ, ನೀರಿನಲ್ಲಿರೋ ಹಸಿರು ಪಾಚಿಯ ಪ್ರಮಾಣವನ್ನ ಉಪಗ್ರಹದಿಂದ ಅಳೆದು, ಮೀನು ಸಿಗಬಹುದಾದ ಜಾಗಗಳ ಮುನ್ಸೂಚನೆ ಕೊಡ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ 61 ದಿನ ಮುಗಿದು ಕಡಲಿಗೆ ಇಳಿಯೋವಾಗ ಮೊದಲು ನೋಡೋದು ಆಕಾಶ, ಎರಡನೇದು ಫೋನಲ್ಲಿ ಹವಾಮಾನ. ಸೀಬರ್ಡಿನ ನಿರ್ಬಂಧಿತ ಪ್ರದೇಶ ಎಲ್ಲಿ ಶುರುವಾಗುತ್ತೆ ಅಂತ ತಿಳಿದು ದೂರ ಇರೋಕೂ ಅದೇ ಜಿಪಿಎಸ್ ಬೇಕು.

ದೋಣಿಯನ್ನ ಕಾಯೋದೂ ಜಿಪಿಎಸ್, ಗುಡ್ಡದ ಮೇಲೆ ನನ್ನನ್ನ ಹಿಡಿದುಕೊಟ್ಟಿದ್ದೂ ಜಿಪಿಎಸ್. ವ್ಯತ್ಯಾಸ ಒಂದೇ, ಆ ಮಾಹಿತಿ ಯಾರ ಕೈಗೆ ಹೋಗ್ತಿದೆ ಅಂತ ದೋಣಿಯವನಿಗೆ ಗೊತ್ತಿರುತ್ತೆ. ನನಗೆ ಗೊತ್ತಿರಲಿಲ್ಲ.

ಹೇಳಿದ ಮೇಲೆ

ಹಬ್ಬದ ಮರುದಿನ ಮೂವರೂ ಹೊರಟ್ವಿ. ಮಾಮಾ ಬಿಳಿ ಅಂಗಿ ಹಾಕಿದ್ರು, ಮದುವೆಗೆ ಹೋಗೋ ಹಾಗೆ. ತಮ್ಮ ಚಾಟೆಲ್ಲ ಡಿಲೀಟ್ ಮಾಡೋಕೆ ಹೊರಟಿದ್ದ. ಬೇಡ ಅಂದೆ. ಅಳಿಸಿದ್ರೆ ಬಚ್ಚಿಟ್ಟ ಹಾಗಾಗುತ್ತೆ, ಇದ್ರೆ ಅದೇ ನಿನ್ನ ಸಾಕ್ಷಿ ಅಂತ ಹೇಳಿ ಖಾತೆಯ ವಿಳಾಸ, ಸಂದೇಶಗಳು, ದಿನಾಂಕ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದ್ವಿ. ನನಗೆ ಬಂದ ಆ ಪ್ರವಾಸದ ಪೇಜಿನ ಮೆಸೇಜುಗಳನ್ನೂ ಸೇರಿಸಿದೆ. ಮೊದಲು ಅವನ ಕೆಲಸದ ಮೇಲ್ವಿಚಾರಕರಿಗೆ, ಆಮೇಲೆ ಪೊಲೀಸರಿಗೆ.

ಒಳಗೆ ಕೂತಿದ್ದ ಅಧಿಕಾರಿ ಎಲ್ಲ ಓದಿದ್ರು. ಪ್ರಶ್ನೆ ಕೇಳಿದ್ರು, ಬರ್ಕೊಂಡ್ರು. ಪಾಸಿನ ಫೋಟೋ ಕಳಿಸಿದ್ದಕ್ಕೆ ತಮ್ಮನಿಗೆ ಚೆನ್ನಾಗಿ ಬಿತ್ತು, ಲೊಕೇಶನ್ ಟ್ಯಾಗಿಗೆ ನನಗೆ. ಕೊನೆಗೆ ಅವರಂದ್ರು, “ನೀವಾಗೇ ಬಂದ್ರಲ್ಲ, ಅದು ಒಳ್ಳೇದಾಯ್ತು.” ಆಚೆ ಬಂದ ಮೇಲೆ ಮಾಮಾ ರಸ್ತೆ ಬದಿಯ ಹೋಟೆಲಲ್ಲಿ ಮೂರು ಚಹಾ ಹೇಳಿದ್ರು. ಯಾರೂ ಮಾತಾಡಲಿಲ್ಲ. ತಮ್ಮ ಎರಡು ಬನ್ಸ್ ತಿಂದ. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಆ ಎರಡು ಖಾತೆಗಳು ಯಾರವು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ನಿಜವಾದ ಪ್ರವಾಸದ ಪೇಜೇ ಇರಬಹುದು. ಇನ್ನೊಂದು ಎಲ್ಲೋ ಕೂತ ದುಡ್ಡಿನ ಮೋಸಗಾರನದ್ದಿರಬಹುದು. ತಮ್ಮನಿಗೆ ಪಾಸ್ ಬದಲಾಯಿಸಿ ಕೊಟ್ರು, ಅವನ ಕೆಲಸ ಉಳೀತು. ಹನ್ನೊಂದು ದಿನ ಮನೇಲಿ ಕೂರಿಸಿದ್ರು, ಆ ಹನ್ನೊಂದು ದಿನದ ಕೂಲಿ ಹೋಯ್ತು. ಹೇಳಿದ್ದಕ್ಕೆ ಇಷ್ಟು ದಂಡ. ಹೇಳದೆ ಇದ್ದಿದ್ರೆ ಎಷ್ಟು ಅನ್ನೋದನ್ನ ಯೋಚನೆ ಮಾಡೋಕೂ ಮನಸ್ಸಿಲ್ಲ.

ನಾನು ಮಾಡಿಕೊಂಡ ಬದಲಾವಣೆ ಚಿಕ್ಕವು. ಕ್ಯಾಮೆರಾಗೆ ಲೊಕೇಶನ್ ಅನುಮತಿ ತೆಗೆದೆ. ಹೋದ ಜಾಗದ ಫೋಟೋವನ್ನ ಅಲ್ಲಿಂದ ವಾಪಸ್ ಬಂದ ಮೇಲಷ್ಟೇ ಹಾಕ್ತೀನಿ. ಲಿಂಕ್ಡ್‌ಇನ್ನಿನ ಆ ಐಡಿ ಕಾರ್ಡ್ ಫೋಟೋ ಹೋಯ್ತು. ಹೊಗಳೋ ಅಪರಿಚಿತರು ಮೂರನೇ ಪ್ರಶ್ನೆ ಕೇಳೋವಾಗ ನಿಲ್ತೀನಿ. ಇವೆಲ್ಲ ಸೆಟ್ಟಿಂಗ್ಸಿನ ವಿಷಯ. ಇನ್ನೊಂದು ಮಾತ್ರ ಸೆಟ್ಟಿಂಗ್ಸಿನಲ್ಲಿ ಸಿಗೋದಿಲ್ಲ. ದಿನಾ ಸಂಜೆ ಏಳರ ಹೊತ್ತಿಗೆ, ತಮ್ಮ ಮನೆಗೆ ಬಂದು ಫೋನ್ ಕೈಗೆ ತಗೊಳ್ಳೋ ಸಮಯಕ್ಕೆ, ನಾನೊಂದು ಮೆಸೇಜ್ ಹಾಕ್ತೀನಿ. ‘ಊಟ ಆಯ್ತಾ?’

ಮೊದಮೊದಲು ಅವನು ನಗೋ ಮುಖ ಕಳಿಸ್ತಿದ್ದ. ಈಗ ಬರೀತಾನೆ. ಕೆಲಸದ ಬಗ್ಗೆ ಅಲ್ಲ, ಅದನ್ನ ನಾನು ಕೇಳೋದೂ ಇಲ್ಲ. ಕ್ರಿಕೆಟ್, ಬೈಕ್, ಡಿಪ್ಲೊಮಾ ಮಾಡ್ಲಾ ಬೇಡ್ವಾ ಅನ್ನೋ ಗೊಂದಲ.

ವಾಪಸ್ ಹೊರಡೋ ದಿನ ಮಾಮಾ ಕರೆದು, “ಈ ಮನೆಯದ್ದಾದ್ರೂ ಒಂದು ಫೋಟೋ ತೆಗಿ, ಇರ್ಲಿ” ಅಂದ್ರು. ತುಳಸಿಕಟ್ಟೆ, ಅಂಗಳ, ಬಾಗಿಲಲ್ಲಿ ಮಾಮಾ, ಮಾಮಿ, ತಮ್ಮ. ಲೊಕೇಶನ್ ಆಫ್ ಇದೆಯಾ ಅಂತ ತಮ್ಮನೇ ನೋಡಿ, ಆಮೇಲೆ ನಿಂತ. ಆ ಫೋಟೋ ಎಲ್ಲೂ ಹಾಕಿಲ್ಲ. ಕಾರವಾರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ ಕೊಟ್ಟು ರೈಲು ಹತ್ತಿದೆ.